ಬುತ್ತಿ ಮೀರಿದ ದಾರಿ

ನನ್ನ ಮದುವೆಯ ದಿನ ಗಂಡಿನ ಕಡೆಯವರು ಕೆಳಗಿನ ಪೇಟೆಯಲ್ಲಿ ಉಪ್ಪಿಟ್ಟು ತಿಂದು ಹೊರಟವರು, ಮೇಲಿನ ಪೇಟೆಯ ನಮ್ಮ ಮನೆಗೆ ಅಕ್ಕಿಕಾಳು ಬೀಳುವುದರೊಳಗೆ ಬಂದು ಮುಟ್ಟಿದ್ದರು. ಕಟ್ಟಿಕೊಂಡು ಬಂದ ಬುತ್ತಿಯನ್ನು ದಾರಿಯಲ್ಲಿ ಬಿಚ್ಚುವ ಪ್ರಸಂಗವೇ ಬರಲಿಲ್ಲ. ಇಷ್ಟು ಹತ್ತಿರದ ಸಂಬಂಧ ಸಿಕ್ಕಿತಲ್ಲ ಎಂದು ಅವ್ವ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು. ಮರುವರ್ಷ ಬಾಣಂತನಕ್ಕೆಂದು ನಾನು ತವರಿಗೆ ಬರುವಾಗ ಅದೇ ದಾರಿ ಮೂರು ಬುತ್ತಿಯಷ್ಟಾಗಿತ್ತು. ನಮ್ಮೂರಿನಲ್ಲಿ ದಾರಿಗಳು ಬೆಳೆಯುತ್ತವೆ. ಮನೆಗಳು ಇದ್ದಲ್ಲೇ ಇರುತ್ತವೆ, ಊರೂ ಇದ್ದಷ್ಟೇ ಇದೆ, ದಾರಿ ಮಾತ್ರ ಬೆಳೆಯುತ್ತದೆ.

ಇಲ್ಲಿ ಹುಟ್ಟಿದವರಿಗೆ ಇದೇನೂ ವಿಶೇಷವಲ್ಲ. ದೂರವನ್ನು ನಾವು ಅಳೆಯುವುದು ಊಟದಲ್ಲಿ. ಕಿರಾಣಿ ಅಂಗಡಿ ಅರ್ಧ ಬುತ್ತಿ, ಹಿಟ್ಟಿನ ಗಿರಣಿ ಒಂದು ಬುತ್ತಿ, ಶಾಲೆ ಎರಡು. ಮಕ್ಕಳು ಸೋಮವಾರ ಹೋದರೆ ಶನಿವಾರವೇ ಮನೆ ಕಾಣುವುದು. ಹಿಂದಿನ ಓಣಿಗೆ ಹೆಪ್ಪು ತರಲು ಹೋದವಳು ಮರುದಿನ ಬರುತ್ತಾಳೆ, ಅಷ್ಟರಲ್ಲಿ ಇಲ್ಲಿ ಹಾಲು ಒಡೆದಿರುತ್ತದೆ. ಫೋನು ಇದೆ, ಆದರೆ ಮಾತಿಗೂ ಅದೇ ದಾರಿ. ಮನುಷ್ಯ ನಡೆದು ಮುಟ್ಟಲು ಎಷ್ಟು ಹೊತ್ತು ಬೇಕೋ ಮಾತಿಗೂ ಅಷ್ಟೇ ಹೊತ್ತು ಬೇಕು. ಹೇಳುವುದನ್ನೆಲ್ಲ ಒಂದೇ ಸಲ ಹೇಳಿ ಇಟ್ಟುಬಿಡಬೇಕು. ಮಾತು ಮುಟ್ಟಿದ ದಿನ ಆ ಮನೆಯ ಫೋನು ಗಂಟೆ ಬಾರಿಸುತ್ತದೆ. ಮಾತಿಗೆ ಹಸಿವಿಲ್ಲ ಎನ್ನುವುದೊಂದೇ ವ್ಯತ್ಯಾಸ. ಎಷ್ಟು ದಿನವಾದರೂ ಅದು ನಡೆದು ಬರುತ್ತದೆ.

ದಾರಿ ಕೈಮೀರಿ ಹೋಗದಂತೆ ಹಿರಿಯರು ಮಾಡಿಟ್ಟ ಉಪಾಯವೆಂದರೆ ತುಳಿಯುವುದು. ಜನ ಓಡಾಡುವ ದಾರಿ ನಿಧಾನ ಬೆಳೆಯುತ್ತದೆ, ಬಿಟ್ಟ ದಾರಿ ಓಡುತ್ತದೆ. ಅದಕ್ಕಾಗಿ ಮನೆಗೊಬ್ಬರಂತೆ ತುಳಿಯುವ ಸರದಿ ಇತ್ತು. ಕೆಲಸವಿರಲಿ ಬಿಡಲಿ, ಸರದಿ ಬಂದ ದಿನ ಬುತ್ತಿ ಕಟ್ಟಿಕೊಂಡು ದಾರಿಗೆ ಇಳಿಯಬೇಕು, ಅರ್ಧ ಬುತ್ತಿ ತೀರಿದಲ್ಲಿ ಹಿಂದಕ್ಕೆ ಹೊರಳಬೇಕು. ಇದನ್ನೆಲ್ಲ ನೋಡಿಕೊಳ್ಳುವವನು ದುಂಡಪ್ಪಜ್ಜ. ಮೈಯಲ್ಲಿ ಹುಷಾರಿಲ್ಲ ಎಂದವರ ಹಣೆ ಮುಟ್ಟಿ ನೋಡಿ, ಸುಳ್ಳಾಗಿದ್ದರೆ ಬೈದು ಎಬ್ಬಿಸುತ್ತಿದ್ದ. ಇಷ್ಟು ಮಾಡಿದರೂ ಕೆಲವು ದಾರಿಗಳು ಕೈಬಿಟ್ಟು ಹೋಗುತ್ತಿದ್ದವು. ಗಟ್ಟಿ ಆಳು ಹೊರುವುದು ಇಪ್ಪತ್ತು ಬುತ್ತಿ, ಅಂದರೆ ಹತ್ತು ದಿನದ ಅನ್ನ ನೀರು. ಅದಕ್ಕಿಂತ ಹೆಚ್ಚಾಯಿತೆಂದರೆ ‘ಬುತ್ತಿ ಮೀರಿತು’ ಎಂದು ದುಂಡಪ್ಪಜ್ಜ ಸಾರುತ್ತಾನೆ. ಆಮೇಲೆ ಆ ಎರಡು ಮನೆಗಳಿಗೆ ಸಂಬಂಧವಿಲ್ಲ. ಹೆಂಡತಿ ತಾಳಿ ತೆಗೆದು ತವರಿನ ದೇವರ ಜಗಲಿಯ ಮೇಲೆ ಇಡುತ್ತಾಳೆ. ಗಂಡ ಬೇರೆ ಮದುವೆಯಾಗಬಹುದು, ಅವಳೂ ಆಗಬಹುದು, ಯಾರೂ ಆಡಿಕೊಳ್ಳುವುದಿಲ್ಲ. ನನ್ನ ಚಿಕ್ಕವ್ವನದು ಹಾಗೇ ಆಯಿತು. ಎದುರು ಮನೆಯವನನ್ನೇ ಕಟ್ಟಿಕೊಂಡು ಈಗ ಮೈ ತುಂಬಿಕೊಂಡು ಓಡಾಡುತ್ತಾಳೆ, ಮೊದಲ ಗಂಡನ ಹೆಸರು ಕೇಳಿದರೆ ನೆನಪಿಸಿಕೊಳ್ಳಬೇಕು. ನನಗೆ ಅಂಥ ಮರೆವು ಬೇಡವಾಗಿತ್ತು. ನನಗೆ ಗದಿಗೆಪ್ಪನೇ ಬೇಕಾಗಿದ್ದ.

ಗದಿಗೆಪ್ಪ ಸ್ಟೋವು, ಕುಕ್ಕರು ರಿಪೇರಿ ಮಾಡುವವನು. ಮಾತು ಕಡಿಮೆ, ಕೈಗೆ ಸದಾ ಸೀಮೆಎಣ್ಣೆಯ ವಾಸನೆ. ಮೊದಮೊದಲು ಆ ವಾಸನೆಗೆ ಮೂಗು ಮುರಿದಿದ್ದೆ, ತವರಿಗೆ ಬಂದ ಮೇಲೆ ಅವ್ವನ ಒಲೆಯ ಪಕ್ಕದ ಎಣ್ಣೆ ಡಬ್ಬಿಯ ಮುಚ್ಚಳ ತೆಗೆದು ಮೂಸುವಷ್ಟು ಅದು ಬೇಕೆನಿಸಿತು. ಬಸುರಿಯನ್ನು ಗಂಡ ಅರ್ಧ ದಾರಿಯವರೆಗೆ ತಂದು ಬಿಡಬೇಕು, ಅಲ್ಲಿಂದ ಅಣ್ಣ ಕರೆದೊಯ್ಯಬೇಕು, ಅದು ಪದ್ಧತಿ. ಬೇವಿನ ಮರದ ಬುಡದಲ್ಲಿ ನನ್ನ ಗಂಟನ್ನು ಅಣ್ಣ ಮಹಾಂತೇಶನ ಹೆಗಲಿಗೆ ಏರಿಸುತ್ತ ಅವನು ಹೇಳಿದ್ದು ಇಷ್ಟೇ: “ಕೂಸಿಗೆ ಐದು ತಿಂಗಳು ತುಂಬೂದ್ರಾಗ ಬಂದು ಕರಕೊಂಡು ಹೋಗ್ತೇನಿ.” ಕಂಕುಳಲ್ಲಿ ಕೂಸು ಇದ್ದವಳು ಬುತ್ತಿ ಹೊರಲಾರಳು, ಆದ್ದರಿಂದ ಗಂಡನೇ ಬರಬೇಕು. ಹೆಣ್ಣು ಹುಟ್ಟಿತು. ಫೋನಿನಲ್ಲಿ ಹೇಳಿದೆ. ನಾಲ್ಕು ದಿನವಾದ ಮೇಲೆ ಗಂಟೆ ಬಾರಿಸಿತು. ಎತ್ತಿದರೆ ಮಾತೇ ಇಲ್ಲ, ಬರೀ ನಗು. ಆ ನಗುವನ್ನು ಕೂಸಿನ ಕಿವಿಗೆ ಹಿಡಿಯಬೇಕೆಂದು ಹೊಳೆಯುವಷ್ಟರಲ್ಲಿ ಅದು ಮುಗಿದುಹೋಗಿತ್ತು.

ಅಣ್ಣನಿಗೆ ಮನೆಯ ಮುಂದೆಯೇ ಜೆರಾಕ್ಸ್ ಅಂಗಡಿ. ಜಾತಕ, ಲಗ್ನಪತ್ರಿಕೆ ಮುದ್ರಿಸಲು ಒಂದು ಕಂಪ್ಯೂಟರು ಇಟ್ಟಿದ್ದ. ಅದರಲ್ಲಿ ಭೂಮಿಯನ್ನೆಲ್ಲ ಮೇಲಿನಿಂದ ತೋರಿಸುವ ನಕಾಶೆಯ ಸಾಫ್ಟ್‌ವೇರ್ ಇತ್ತು. ಇಂಟರ್ನೆಟ್ಟೂ ನಮ್ಮೂರಿಗೆ ನಡೆದುಕೊಂಡೇ ಬರುತ್ತದೆ. ನಮ್ಮೂರಿನ ಚಿತ್ರ ತುಂಡು ತುಂಡಾಗಿ ಬಂದು ಕೂಡಿಕೊಳ್ಳುವಷ್ಟರಲ್ಲಿ ನನ್ನ ಕೂಸು ಬೋರಲು ಬಿದ್ದಿತ್ತು. ಒಂದು ದಿನ ಅಣ್ಣ ಒದ್ದೆ ಬಟ್ಟೆಯಿಂದ ಕೀಬೋರ್ಡು ಒರೆಸುತ್ತಿದ್ದಾಗ ಬೆರಳಡಿ ಮೂರು ಗುಂಡಿಗಳು ಒಟ್ಟಿಗೆ ಒತ್ತಿಹೋದವು. ಪರದೆಯ ಮೇಲೆ ಒಂದು ಚೌಕ ತೆರೆದು, ಯಾವ ವಿಮಾನ ಬೇಕು, ಎಲ್ಲಿಂದ ಹೊರಡುತ್ತೀರಿ ಎಂದು ಕೇಳಿತು. ನಕಾಶೆಯ ಹೊಟ್ಟೆಯೊಳಗೆ ಯಾರೋ ಪುಣ್ಯಾತ್ಮರು ವಿಮಾನ ಹಾರಿಸುವ ಆಟ ಅಡಗಿಸಿಟ್ಟಿದ್ದರು. ಈಗಿರುವ ಜಾಗದಿಂದಲೇ ಎಂದು ಅಣ್ಣ ಒತ್ತಿದ. ಅರೆಗಳಿಗೆಯಲ್ಲಿ ನಮ್ಮ ಮನೆಯ ಮೇಲೆ ಎದ್ದಿದ್ದೆವು, ಕಣ್ಣು ಮಿಟುಕಿಸುವುದರೊಳಗೆ ಕೆಳಗಿನ ಪೇಟೆ ದಾಟಿಹೋಗಿತ್ತು.

ನಾನು ಅಳುವುದೋ ನಗುವುದೋ ತಿಳಿಯದೆ ಕುಳಿತೆ. ಚಿತ್ರದಲ್ಲಿ ದಾರಿಗಳು ಬೆಳೆದಿರಲಿಲ್ಲ. ನಮ್ಮ ಮನೆಗೂ ಗದಿಗೆಪ್ಪನ ಮನೆಗೂ ನಡುವೆ ಒಂದು ಕೆರೆ, ನಾಲ್ಕು ಓಣಿ, ಅಷ್ಟೇ.

ಸುದ್ದಿ ಹರಡಲು ಒಂದು ವಾರ ಹಿಡಿಯಿತು, ಆಮೇಲೆ ಅಂಗಡಿಯ ಮುಂದೆ ಪಾಳಿ ಹಚ್ಚಿ ನಿಲ್ಲತೊಡಗಿದರು. ಒಬ್ಬೊಬ್ಬರೂ ಬುತ್ತಿ ಕಟ್ಟಿಕೊಂಡು ಬಂದರು. ಬೇರೆ ಪೇಟೆಗೆ ಹೋಗುವಾಗ ಬುತ್ತಿ ಇಲ್ಲದೆ ಹೊಸಲು ದಾಟಬಾರದಲ್ಲ. ಕುಂಬಾರ ಓಣಿಯ ಮುದುಕಿಯೊಬ್ಬಳು ಮೊಮ್ಮಗಳ ಮನೆಯ ಮೇಲೆ ಹಾರುವಾಗ ಮಡಿಲಲ್ಲಿ ಕಟಕ ರೊಟ್ಟಿಯ ಗಂಟು ಹಿಡಿದುಕೊಂಡು, ಸ್ವಲ್ಪ ಕೆಳಗಿಳಿಸು, ಇದನ್ನು ಬಿಟ್ಟು ಬರುತ್ತೇನೆ ಎಂದು ಅಣ್ಣನಿಗೆ ಗಂಟುಬಿದ್ದಳು. ಇಳಿಸಲು ಹೋದರೆ ವಿಮಾನ ನೆಲಕ್ಕೆ ಬಡಿದು ಆಟ ಮುಗಿಯುತ್ತಿತ್ತು. ಕೆಳಗಿನ ಬಾಣ ಒತ್ತಿದರೆ ಮೇಲೇರುತ್ತದೆ, ಮೇಲಿನದು ಒತ್ತಿದರೆ ಇಳಿಯುತ್ತದೆ, ಇದನ್ನು ಕಲಿಯುವಷ್ಟರಲ್ಲಿ ಊರಿನ ಮುಕ್ಕಾಲು ಮಂದಿ ತಮ್ಮ ಬೀಗರ ಮನೆಗೇ ಗುದ್ದಿದ್ದರು. ನಕ್ಕು ನಕ್ಕು ಸಾಕಾಗುತ್ತಿತ್ತು. ಎಷ್ಟೋ ವರ್ಷದ ಮೇಲೆ ಊರು ಅಷ್ಟು ನಕ್ಕದ್ದು.

ನಾನು ಮನೆಯವಳಾದ್ದರಿಂದ ಪಾಳಿ ಮುಗಿದ ಮೇಲೆ ಕೂರುತ್ತಿದ್ದೆ. ತೊಡೆಯ ಮೇಲೆ ಕೂಸು. ಅಷ್ಟು ಹೊತ್ತಿಗೆ ಅದಕ್ಕೆ ತುಂಗಾ ಎಂದು ಹೆಸರಿಟ್ಟಿದ್ದೆವು. ಸ್ಪೇಸ್ ಗುಂಡಿ ಒತ್ತಿದರೆ ವಿಮಾನ ಗಾಳಿಯಲ್ಲೇ ನಿಲ್ಲುತ್ತದೆ ಎಂದು ನಾನೇ ಕಂಡುಹಿಡಿದೆ. ಹಾಗೆ ನಿಲ್ಲಿಸಿ ಕೆಳಗಿನ ಪೇಟೆಯ ನಮ್ಮ ಮಾಳಿಗೆಯನ್ನು ನೋಡುತ್ತ ಕೂರುತ್ತಿದ್ದೆ. ಮಾಳಿಗೆಯ ಮೂಲೆಯಲ್ಲಿ ಒಂದು ಕರಿ ಚುಕ್ಕೆ ಇತ್ತು, ಅದರ ಪಕ್ಕದಲ್ಲಿ ಸಣ್ಣ ನೆರಳು. ನಿಂತ ಮನುಷ್ಯನಲ್ಲದೆ ಅದು ಬೇರೇನೂ ಇರಲು ಸಾಧ್ಯವಿರಲಿಲ್ಲ. ಅಣ್ಣನನ್ನು ಕರೆದು ತೋರಿಸಿದೆ, ಅವ್ವನಿಗೆ ತೋರಿಸಿದೆ, ಇಬ್ಬರೂ ಹೌದೆಂದರು. ಓಡಿಹೋಗಿ ಫೋನಿನಲ್ಲಿ ಹೇಳಿದೆ: ನಮಗೆ ಮೇಲಿನಿಂದ ನೋಡುವ ವಿಮಾನ ಸಿಕ್ಕಿದೆ, ನೀವು ಮಾಳಿಗೆಯ ಮೇಲೆ ನಿಂತದ್ದನ್ನು ಕಂಡೆ, ಕೂಸಿಗೂ ತೋರಿಸಿದೆ.

ಉತ್ತರ ಬರಲು ಎಂಟು ದಿನ ಹಿಡಿಯಿತು, ಹೋಗಲು ನಾಲ್ಕು ಬರಲು ನಾಲ್ಕು. ಆ ಗುಂಗಿನಲ್ಲಿ ನಾನು ಬುತ್ತಿಯ ಲೆಕ್ಕ ಹಾಕಲೇ ಇಲ್ಲ. ಗದಿಗೆಪ್ಪ ಅಷ್ಟು ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಇನ್ನು ಮೇಲೆ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಒಳ್ಳೆಯ ಅಂಗಿ ಹಾಕಿಕೊಂಡು ಮಾಳಿಗೆಯ ಮೇಲೆ ನಿಲ್ಲುತ್ತೇನೆ, ಕೈ ಮಾಡುತ್ತೇನೆ, ಕೂಸಿಗೆ ತೋರಿಸು ಎಂದ. ಮಳೆಗಾಲ ಶುರುವಾಗಿದೆ, ಬುತ್ತಿ ಬೂಸಲು ಹಿಡಿಯುತ್ತದೆ ಎಂದ. “ಹೆಂಗೂ ದಿನಾ ನೋಡಾಕತ್ತೀಯಲ್ಲ, ಮಳಿ ಮುಗೀಲಿ, ಬರ್ತೇನಿ.” ನನಗೂ ಅದು ಸರಿ ಎನಿಸಿತು. ಕಣ್ಣೆದುರೇ ಇದ್ದವನನ್ನು ಅವಸರ ಮಾಡುವುದೇಕೆ ಎಂದುಕೊಂಡೆ.

ಮಳೆ ಮುಗಿಯಿತು, ಐದು ತಿಂಗಳು ಎಂದೋ ದಾಟಿತ್ತು. ಅಷ್ಟರಲ್ಲಿ ತುಳಿಯುವ ಸರದಿ ನಿಂತೇಹೋಗಿತ್ತು. ದಿನಾ ನೋಡಿ ಬರುತ್ತೇವೆ, ಮತ್ತೇಕೆ ಕಾಲು ಸವೆಸುವುದು ಎಂದು ಮೊದಲು ಹುಡುಗರು ಬಿಟ್ಟರು, ಆಮೇಲೆ ಹೆಂಗಸರು, ಆಮೇಲೆ ಎಲ್ಲರೂ. ದುಂಡಪ್ಪಜ್ಜ ಅಂಗಡಿಗೆ ಬಂದು ಬೈದ. ದಾರಿ ಓಡಿಹೋಗುತ್ತದೆ ಎಂದ. ಹೇಗೂ ಬಂದೀಯಲ್ಲ, ನಿನ್ನ ಮಗಳ ಮನೆಯ ಮೇಲೆ ಒಂದು ಸುತ್ತು ಹಾಕು ಎಂದು ಯಾರೋ ಕೂರಿಸಿದರು. ಮುದುಕ ಒಲ್ಲೆ ಒಲ್ಲೆ ಎನ್ನುತ್ತಲೇ ಕುಳಿತ. ಮಗಳ ಹಿತ್ತಿಲು ಕಂಡದ್ದೇ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಪರದೆಯ ಕಡೆ ಬಾಗಿದ. ಮರುದಿನ ಎಲ್ಲರಿಗಿಂತ ಮೊದಲು ಪಾಳಿಯಲ್ಲಿ ನಿಂತಿದ್ದವನು ಅವನೇ. ಬೈಯುವವನೂ ಇಲ್ಲದ ಮೇಲೆ ದಾರಿಗಳಿಗೆ ಹಬ್ಬವಾಯಿತು.

ಗೊತ್ತಾದದ್ದು ಒಂದು ಮಧ್ಯಾಹ್ನ. ಅವ್ವ ಅಂಗಡಿಗೆ ಚಹಾ ತಂದವಳು, ಪರದೆಯನ್ನು ನೋಡುತ್ತ, ನಿಮ್ಮ ಮಾಳಿಗೆಯ ನೀರಿನ ಟಾಕಿ ಯಾವ ಕಡೆಗಿದೆ ಎಂದು ಸುಮ್ಮನೆ ಕೇಳಿದಳು. ನಮ್ಮ ಮದುವೆಯಾದ ತಿಂಗಳೇ ಗದಿಗೆಪ್ಪ ಮಾಳಿಗೆಯ ಮೇಲೆ ಕರಿ ಟಾಕಿ ಕೂರಿಸಿದ್ದ, ಹೊಸ ಹೆಂಡತಿ ಕೊಡ ಹೊರಬಾರದೆಂದು. ಮೆಟ್ಟಿಲಿನ ಬಲಕ್ಕೆ ಎಂದು ಬೆರಳು ತೋರಿಸಲು ಹೋದೆ. ಬಲಕ್ಕೆ ಏನೂ ಇರಲಿಲ್ಲ. ಎಡಕ್ಕೂ ಇರಲಿಲ್ಲ. ಅಷ್ಟು ತಿಂಗಳು ಆ ಮಾಳಿಗೆಯನ್ನು ನೋಡಿದ್ದೆ, ಟಾಕಿ ಇಲ್ಲದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆ ಚಿತ್ರ ನನ್ನ ಮದುವೆಗಿಂತ ಹಿಂದಿನದು. ಮೂಲೆಯ ಚುಕ್ಕೆ ಯಾರೋ, ಏನೋ. ಊರಿಗೆ ಊರೇ ಸತ್ತ ದಿನವೊಂದರ ಮೇಲೆ ಸುತ್ತು ಹಾಕುತ್ತಿತ್ತು, ಮತ್ತು ಕೆಳಗಿನ ಪೇಟೆಯಲ್ಲಿ ನನ್ನ ಗಂಡ ಒಳ್ಳೆಯ ಅಂಗಿ ಹಾಕಿಕೊಂಡು ದಿನಾ ಬರೀ ಆಕಾಶಕ್ಕೆ ಕೈ ಮಾಡುತ್ತ ನಿಂತಿದ್ದ.

ಫೋನು ಎತ್ತಿ ಕಿರುಚಿದೆ. ನೀವು ನನಗೆ ಕಾಣುವುದಿಲ್ಲ, ಯಾವತ್ತೂ ಕಂಡಿಲ್ಲ, ಮಾಳಿಗೆಯಿಂದ ಇಳಿಯಿರಿ, ಇವತ್ತು ಪಂಚಮಿ, ಈ ಮಾತು ಮುಟ್ಟಿದ ಗಳಿಗೆಯಲ್ಲೇ ಹೊರಡಿ ಎಂದೆ. ಹೇಳಿ ಇಟ್ಟು ಹೊರಗೆ ಬಂದು ದಾರಿಯನ್ನು ನೋಡಿದೆ. ಆ ಮಾತು ಈಗಷ್ಟೇ ನಮ್ಮ ಓಣಿ ದಾಟುತ್ತಿರುತ್ತದೆ. ಅದು ಮುಟ್ಟುವವರೆಗೆ ಅವನು ದಿನಾ ಮಾಳಿಗೆ ಹತ್ತುತ್ತಲೇ ಇರುತ್ತಾನೆ.

ಆಮೇಲೆ ಪಾಳಿಯಲ್ಲಿ ನಿಂತವರ ಬಳಿಗೆ ಹೋದೆ. ಟಾಕಿಯ ಸಂಗತಿ ಹೇಳಿದೆ, ನನ್ನ ಗಂಡ ಹೊರಡುತ್ತಾನೆ, ಈ ಕಡೆಯಿಂದ ನಾವು ತುಳಿದರೆ ದಾರಿ ಬೆಳೆಯುವುದು ಸ್ವಲ್ಪ ತಗ್ಗುತ್ತದೆ, ಬನ್ನಿರೆಂದು ಕೈ ಮುಗಿದೆ. ಯಾರೂ ಇಲ್ಲ ಎನ್ನಲಿಲ್ಲ. ಇದೊಂದು ಸುತ್ತು ಮುಗಿಸಿ ಬರುತ್ತೇನೆ ಎಂದರು, ನಾಳೆ ಎಂದರು. ಕುಂಬಾರ ಓಣಿಯ ಮುದುಕಿ ನನ್ನ ಕೈ ಹಿಡಿದುಕೊಂಡು, ನಿಂದು ಹಳೆ ಚಿತ್ರ ಇರಬಹುದು ಮಗಳ, ನನ್ನ ಮೊಮ್ಮಗಳದು ಇವತ್ತಿಂದೇ ಐತಿ ಎಂದಳು. ನನಗೆ ಸಿಟ್ಟು ಬರಲಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ದುಂಡಪ್ಪಜ್ಜನೊಬ್ಬ ತಲೆ ತಗ್ಗಿಸಿ ಪಾಳಿಯಿಂದ ಹೊರಗೆ ಬಂದ, ಆದರೆ ಅವನ ಕಾಲು ಈಗ ಅರ್ಧ ಬುತ್ತಿಗೂ ಆಗುವಂತಿರಲಿಲ್ಲ.

ನಾಳೆ ನಾಳೆ ಎನ್ನುವುದರಲ್ಲೇ ಹುಣ್ಣಿಮೆಯೂ ಕಳೆಯಿತು. ಕೊನೆಗೆ ಹೊರಟದ್ದು ನಾನು ಮತ್ತು ಅಣ್ಣ. ತುಂಗಾಳನ್ನು ಅವ್ವನ ಬಳಿ ಬಿಟ್ಟೆ. ಅಣ್ಣ ಇಪ್ಪತ್ತು ಬುತ್ತಿ ಹೊತ್ತ, ನಾನು ಹನ್ನೆರಡು ಹೊತ್ತೆ. ಗದಿಗೆಪ್ಪ ನನ್ನನ್ನು ಅಣ್ಣನಿಗೆ ಒಪ್ಪಿಸಿದ ಆ ಬೇವಿನ ಮರ ಮೊದಲು ಒಂದೂವರೆ ಬುತ್ತಿಗೆ ಸಿಗುತ್ತಿತ್ತು. ಈಗ ನಾಲ್ಕು ದಿನ ನಡೆದರೂ ಅದರ ತಲೆಯಷ್ಟೇ ಕಾಣುತ್ತಿತ್ತು. ದಾರಿಯ ಧೂಳಿನ ಮೇಲೆ ಒಂದು ಹೆಜ್ಜೆ ಇರಲಿಲ್ಲ, ನಾಯಿಯದೂ ಇಲ್ಲ. ಕೂಗಿದೆ. ಗಂಟಲು ಕಟ್ಟುವವರೆಗೆ ಅವನ ಹೆಸರು ಹಿಡಿದೇ ಕೂಗಿದೆ, ಗಂಡನ ಹೆಸರು ಹೇಳಬಾರದೆಂಬ ಶಾಸ್ತ್ರ ಯಾರಿಗೆ ಬೇಕಾಗಿತ್ತು. ಇಬ್ಬರ ಬುತ್ತಿಯನ್ನೂ ಕೂಡಿಸಿ ಅರ್ಧ ತೀರಿದಲ್ಲಿ ಅಣ್ಣ ಗಂಟು ಕೆಳಗಿಟ್ಟ. “ಹೊರಳೂಣು ನಡಿ ಶೈಲಾ. ಮುಂದ ಹೋದ್ರ ನಾವೂ ಬರೂದಿಲ್ಲ, ಕೂಸಿಗೆ ಯಾರೂ ಇರೂದಿಲ್ಲ.” ಉಳಿದ ಅರ್ಧದಲ್ಲಿ ಒಂದಿಷ್ಟು ರೊಟ್ಟಿ, ಒಂದು ಬಾಟಲಿ ನೀರನ್ನು ದಾರಿಯ ನಡುವೆ ಕಲ್ಲು ಹೇರಿ ಇಟ್ಟೆ. ಅಣ್ಣ ಬೇಡವೆನ್ನಲಿಲ್ಲ. ಹಿಂದಕ್ಕೆ ಬರುವಾಗ ಎರಡು ದಿನ ಉಪವಾಸ ನಡೆದೆವು.

ಮನೆಗೆ ಬಂದು ಮೂರನೆಯ ಬೆಳಿಗ್ಗೆ ಫೋನು ಗಂಟೆ ಬಾರಿಸಿತು. ತುಂಗಾ ಗೋಡೆ ಹಿಡಿದು ನಿಂತಿದ್ದಳು, ಅವಳನ್ನು ಎತ್ತಿಕೊಂಡೇ ಓಡಿದೆ.

“ಶೈಲಾ, ಇವತ್ತು ಹುಣ್ಣಿಮಿ. ನಿನ್ನ ಮಾತು ಇವತ್ತು ಮುಟ್ಟಿತು. ಪಂಚಮಿಗೆ ಹೇಳೀದಿ ಅಂದ್ರ ಇಪ್ಪತ್ತು ಬುತ್ತಿ ದಾರಿ ಆತು. ನಾ ಸರೀ ಇಪ್ಪತ್ತು ಕಟ್ಟೇನಿ. ಅರ್ಧಕ್ಕ ಹೊರಳು ಅಂತ ಅಪ್ಪ ಹೇಳಾಕತ್ತಾನ, ನಾ ಹೊರಳೂದಿಲ್ಲ. ನನ್ನ ಮಗಳು ಇಂದ್ರಾಣಿನ್ನ ಎಬ್ಬಿಸಿ ಎಣ್ಣಿ ಹಚ್ಚಿ ಎರಿ. ಫೋನ್ ಇಟ್ಟು ಹೊಂಟೇ ಬಿಟ್ಟೆ. ಈ ಮಾತೂ ನಾನೂ ಕೂಡೇ ಬರ್ತೇವಿ. ಬಾಗಲಾ ತೆಗಿ.”

ಅವನ ಮಗಳ ಹೆಸರು ತುಂಗಾ ಎಂದು ನಾನು ಹೇಳಿದ್ದೆನೋ ಇಲ್ಲವೋ ನೆನಪಾಗಲಿಲ್ಲ. ಅವನು ತಾನೇ ಒಂದು ಹೆಸರಿಟ್ಟುಕೊಂಡು ದಿನಾ ಆಕಾಶದ ಕಡೆ ನೋಡಿ ಕರೆದಿರಬೇಕು. ಓಡಿಹೋಗಿ ಬಾಗಿಲು ತೆಗೆದೆ. ಅಗಳಿ ಬಿಗಿಯಾಗಿತ್ತು, ಅವ್ವ ಬಂದು ಕೈ ಹಚ್ಚಿದಳು. ಹೊರಗೆ ಬಿಸಿಲು ಬಿದ್ದ ದಾರಿ, ಅಂಗಡಿಯ ಮುಂದೆ ಪಾಳಿ ಹಚ್ಚಿದ ಮಂದಿ, ಮತ್ಯಾರೂ ಇಲ್ಲ. ಅಂದು ಅಮಾವಾಸ್ಯೆ. ಹುಣ್ಣಿಮೆಗೆ ಹೊರಟ ಮಾತು ಅಮಾವಾಸ್ಯೆಗೆ ಮುಟ್ಟಿತ್ತು, ಹದಿನೈದು ದಿನ, ಮೂವತ್ತು ಬುತ್ತಿ. ಅವನು ಕಟ್ಟಿದ್ದು ಇಪ್ಪತ್ತು. ಕೊನೆಯ ಐದು ದಿನ ಆ ಮಾತೊಂದೇ ನಡೆದು ಬಂದಿದೆ.

ಪಾಳಿಯಲ್ಲಿದ್ದವರು ಗಂಟೆ ಬಾರಿಸಿದ್ದನ್ನು ಕೇಳಿದ್ದರು, ತೆರೆದ ಬಾಗಿಲನ್ನು ನೋಡಿದ್ದರು. ನಮ್ಮೂರಿನಲ್ಲಿ ಇಂಥದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ, ಕೂಸಿಗೂ ಬುತ್ತಿಯ ಲೆಕ್ಕ ಬರುತ್ತದೆ. ಒಬ್ಬೊಬ್ಬರೇ ಚಪ್ಪಲಿ ಕಳೆದು ಕಟ್ಟೆಯ ಮೇಲೆ ಬಂದು ಕೂತರು. ದುಂಡಪ್ಪಜ್ಜ ಸಾರುವ ಮಾತನ್ನು ಸಾರಲಿಲ್ಲ, ಟೊಪ್ಪಿಗೆ ಕೈಯಲ್ಲಿ ಹಿಡಿದುಕೊಂಡು ಗೋಡೆಗೆ ಒರಗಿ ಅತ್ತ. ಅವ್ವ ಒಳಗೆ ಹೋಗಿ ಸ್ನಾನಕ್ಕೆ ನೀರು ಕಾಯಿಸಲು ಒಲೆ ಹೊತ್ತಿಸಿದಳು. ಸೀಮೆಎಣ್ಣೆಯ ವಾಸನೆ ಹೊರಗಿನವರೆಗೆ ಬಂತು. ನಾನು ತುಂಗಾಳನ್ನು ಮಡಿಲಿಗೆ ಹಾಕಿಕೊಂಡು ಹೊಸಲಿನಲ್ಲೇ ಕೂತೆ.

ತುಂಗಾ ನನ್ನ ಮಡಿಲಿಂದ ಜಾರಿ, ಅಂಬೆಗಾಲಿಡುತ್ತ ಅಂಗಡಿಯ ಕಡೆ ಹೋದಳು. ಯಾರೋ ಎತ್ತಿಕೊಳ್ಳಲು ಹೋದರೆ ಕೊಸರಿಕೊಂಡಳು. ಖಾಲಿಯಾದ ಕುರ್ಚಿಯನ್ನು ಹಿಡಿದು ಎದ್ದು ನಿಂತು, ಪರದೆಯ ಮೇಲೆ ಯಾರೋ ನಿಲ್ಲಿಸಿಟ್ಟುಹೋದ ಊರನ್ನು ಅತ್ತಿತ್ತ ಹುಡುಕಿದಳು. ಆಮೇಲೆ ಕೆಳಗಿನ ಪೇಟೆಯ ನಮ್ಮ ಮಾಳಿಗೆಯ ಮೇಲೆ ಅಂಗೈ ಇಟ್ಟು, ಹೊರಳಿ ನನ್ನನ್ನು ನೋಡಿ, “ಅಪ್ಪ” ಎಂದಳು. ಅದು ಅವಳ ಮೊದಲ ಮಾತು.

ಹೂಂ ಎಂದೆ.